ದೊಡ್ಡವರ ತಾಂಬೂಲ

ತಾಂಬೂಲದ ತಟ್ಟೆ ಹಿಡಿದು ನಿಂತ ಪುಟ್ಟಸ್ವಾಮಿಯವರು, "ನಿಮ್ಮಿಬ್ರಲ್ಲಿ ದೊಡ್ಡೋರು ಯಾರು?" ಎಂದು ಕೇಳಿದರು. ಚನ್ನರಾಯಪಟ್ಟಣದ ಅವರ ಕೊಬ್ಬರಿ ಎಣ್ಣೆ ಮಿಲ್ಲಿನಲ್ಲಿ ಪಾಲು ಕೊಳ್ಳಲು ಬೆಂಗಳೂರಿನ ಪ್ರೈವೇಟ್ ಈಕ್ವಿಟಿ ಕಂಪನಿಯಿಂದ ರಂಜನಿ ಮತ್ತು ಸಮರ್ಥ ಬಂದಿದ್ದರು. ತಾಂಬೂಲ ಕೊಡದೆ ಪುಟ್ಟಸ್ವಾಮಿಯವರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ದೊಡ್ಡವರನ್ನು ಬಿಟ್ಟು ಚಿಕ್ಕವರಿಗೆ ತಾಂಬೂಲ ಕೊಟ್ಟವರೂ ಅಲ್ಲ.

"ನಾನೇ ಸರ್," ಎಂದು ಸಮರ್ಥ ಕೈಚಾಚಿದ.

ಪುಟ್ಟಸ್ವಾಮಿಯವರು ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. "ಅದೆಂಗೆ ಸ್ವಾಮಿ? ಒಂದ್ ವರ್ಸದಿಂದ ಬಸ್ಸಲ್ಲಿ ಬಂದು ಓಗಿ ನನ್ನ ಒಪ್ಪಿಸ್ದೋರು ಈವಮ್ಮ. ನಿಮ್ ಮಖಾನ ನಾನು ಇವತ್ತೇ ನೋಡ್ತಿರೋದು."

"ಅವರು ಎಂಬಿಎ ಓದಿದ್ದಾರೆ," ರಂಜನಿ ಹೇಳಿದಳು. "ನಾನು ಬರೀ ಬಿಕಾಂ. ಎಂಬಿಎ ಇಲ್ಲದವರನ್ನ ನಮ್ಮ ಕಂಪನಿಯಲ್ಲಿ ಮೇಲಕ್ಕೆ ಹತ್ತಿಸಲ್ಲ." ಎರಡು ಸಲ ಬಡ್ತಿ ತಪ್ಪಿದ್ದರಿಂದ ಈ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಹೊಟ್ಟೆ ಮಾತ್ರ ಪ್ರತಿ ಸಲವೂ ಹೊಸದಾಗಿಯೇ ಉರಿಯುತ್ತಿತ್ತು.

"ಇದ್ಯಾವ ನ್ಯಾಯ ಕಣವ್ವ! ಗೇಯೋರು ಒಬ್ರು, ಮೇಲೆ ಕೂರೋರು ಇನ್ನೊಬ್ರಾ?" ಪುಟ್ಟಸ್ವಾಮಿಯವರು ತಟ್ಟೆಯನ್ನು ಮೇಜಿನ ಮೇಲಿಟ್ಟುಬಿಟ್ಟರು. "ಮೊದ್ಲು ಈವಮ್ಮನ್ನ ದೊಡ್ಡೋರು ಮಾಡಿ. ಆಮೇಲೆ ಸೈನು."

ಸಮರ್ಥ ಮೊಬೈಲ್ ಹಿಡಿದು ಹೊರಗೆ ಹೋದ. ಸಿಗ್ನಲ್ ಸಿಗುವ ಜಾಗವನ್ನು ಪುಟ್ಟಸ್ವಾಮಿಯವರ ಮಗಳು ಧನ್ಯಾ ತೋರಿಸಿದಳು. ಎಂಬಿಎಗಿಂತ ಮಿಲ್ಲು ದೊಡ್ಡದೆಂದು ಬೆಂಗಳೂರಿಗೆ ಕಾಲು ಗಂಟೆಯಲ್ಲೇ ಹೊಳೆಯಿತು. "ಕಂಗ್ರಾಟ್ಸ್ ರಂಜನಿ, ನೀವಿನ್ನು ವೈಸ್ ಪ್ರೆಸಿಡೆಂಟ್," ಎಂದ ಸಮರ್ಥ, ಬಸ್ಸಿನ ಹೊತ್ತು ಹೇಳುವವನ ಹಾಗೆ. ರಂಜನಿ ಸಂತೋಷದಿಂದ ಎರಡೂ ಕೈ ಚಾಚಿ ತಾಂಬೂಲ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಭಾಳ ಖುಷಿ ಆಯ್ತು ಅಕ್ಕ," ಎಂದು ಧನ್ಯಾ ಪಿಸುಗುಟ್ಟಿದಳು. ಕೊಬ್ಬರಿ ಕೊಳ್ಳುವುದರಿಂದ ಹಿಡಿದು ಎಣ್ಣೆ ಮಾರುವವರೆಗೆ ಐದು ವರ್ಷದಿಂದ ಮಿಲ್ಲು ನಡೆಸುತ್ತಿದ್ದವಳು ಅವಳೇ. ಇಲ್ಲಿ ಪಾಲು ಕೊಳ್ಳಬಹುದೆಂದು ರಂಜನಿ ಕಂಪನಿಗೆ ಹೇಳಿದ್ದೂ ಅವಳನ್ನು ನೋಡಿಯೇ.

ಒಪ್ಪಂದದಲ್ಲಿ ಇನ್ನು ತುಂಬಬೇಕಾಗಿದ್ದದ್ದು ಮಿಲ್ಲಿನ ಮ್ಯಾನೇಜಿಂಗ್ ಡೈರೆಕ್ಟರ್ ಹೆಸರು. ರಂಜನಿ ಪೆನ್ನು ತೆಗೆದು ಧನ್ಯಾಳ ಕಡೆ ನೋಡಿ ನಕ್ಕಳು.

"ನನ್ ಮಗ ಮನು ಹೆಸ್ರು ಬರ್ಕೊಳವ್ವ," ಎಂದರು ಪುಟ್ಟಸ್ವಾಮಿಯವರು. "ಮೈಸೂರಲ್ಲಿ ಎಂಬಿಎ ಓದ್ತಾವ್ನೆ."

"ಆದ್ರೆ ಧನ್ಯಾ..."

"ಅವ್ಳು ಬರೀ ಬಿಎ ಕಣವ್ವ. ಮನು ಹೆಸ್ರಿಲ್ದೆ ನಾನು ಸೈನ್ ಆಕಾಕಿಲ್ಲ."

ಸಮರ್ಥ ಕಿಟಕಿಯ ಕಡೆ ತಿರುಗಿಕೊಂಡು, "ಈಗ ತೀರ್ಮಾನ ನಿಮ್ಮದು," ಎಂದ.

ಸಹಿ ಬೀಳದಿದ್ದರೆ ಮಿಲ್ಲಿಲ್ಲ. ಮಿಲ್ಲಿಲ್ಲದಿದ್ದರೆ ಬಡ್ತಿಯೂ ಇಲ್ಲ. ರಂಜನಿ ಮಡಿಲಲ್ಲಿದ್ದ ತಾಂಬೂಲವನ್ನು ಒಮ್ಮೆ ನೋಡಿಕೊಂಡಳು. ಮನು ಎಂದು ಬರೆದಳು.

ಹೊರಡುವಾಗ ಧನ್ಯಾ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇಟ್ಕೊಳಿ, ಮೇಡಂ," ಎಂದಳು.