ನಾಲ್ಕನೇ ಸಿಲಿಂಡರಿನ ಸದ್ದು

ಎರಡೂ ಎಂಜಿನ್‌ಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಮೇಸ್ತ್ರಿ ಒಂದು ಸುತ್ತು ಬಂದ. ಒಂದೇ ಕಂಪನಿ, ಒಂದೇ ಮಾದರಿ. ಬೋಲ್ಟು ಕೂರುವ ತೂತುಗಳಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಎಡಗಡೆಯದು ಗುಜರಿಯಿಂದ ತಂದದ್ದು; ಬೆಲ್ಟಿನ ಪಕ್ಕದ ಬ್ರಾಕೆಟ್ಟೊಂದು ಬೇರೆ, ಅಷ್ಟೇ. ಬಲಗಡೆಯದು ಅಣ್ಣತಮ್ಮಂದಿರಲ್ಲಿ ದೊಡ್ಡವನ ಕಾರಿನದು. ಲಾರಿ ಹಿಂದಿನಿಂದ ಬಂದು ಗುದ್ದಿತ್ತು. ದೊಡ್ಡವನು ಹೋಗಿಬಿಟ್ಟ. ಎಂಜಿನ್ನಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

"ಅಣ್ಣಂದೇ ಹಾಕಿ ಮೇಸ್ತ್ರಿ," ಎಂದ ಚಿಕ್ಕವನು. ಎಂಜಿನ್ ಜಾಮಾಗಿ ಕೆಟ್ಟ ಅವನ ಕಾರು ಮೂಲೆಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. "ಮನೇಲಿ ಚಿನ್ನದಂಥದ್ದು ಇಟ್ಕೊಂಡು ಗುಜರಿದು ಯಾರಾದ್ರೂ ಹಾಕಿಸ್ಕೋತಾರಾ?"

"ಬೇಡ," ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಅತ್ತಿಗೆ. ಒಳಗೆ ಬಂದಿರಲಿಲ್ಲ. ದೊಡ್ಡವನ ಎಂಜಿನ್ನಿನ ಕಡೆ ನೋಡಿಯೂ ಇರಲಿಲ್ಲ. "ಅದೊಂದು ಬೇಡ ಮೇಸ್ತ್ರಿ. ಮೊದಲು ನೀವೇ ಕೇಳಿ ನೋಡಿ."

ಕೇಳಿ ನೋಡುವುದೇ ಮೇಸ್ತ್ರಿಯ ಕಸುಬು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಒಳಗಿನದೆಲ್ಲ ಆ ಕಬ್ಬಿಣದ ಕಡ್ಡಿಯ ಮೂಲಕ ಅವನ ತಲೆಗೆ ಬರುತ್ತಿತ್ತು. ಬ್ಯಾಟರಿ ಕೊಟ್ಟು ಗುಜರಿಯದನ್ನು ಓಡಿಸಿದ. ತಕರಾರಿಲ್ಲದ ಸದ್ದು, ಗಾಢ ನಿದ್ದೆಯ ಉಸಿರಿನ ಹಾಗೆ. ಆಮೇಲೆ ದೊಡ್ಡವನದು. ಅದೂ ಅಷ್ಟೇ ಹದವಾಗಿ ಓಡಿತು. ಆದರೆ ನಾಲ್ಕನೇ ಸಿಲಿಂಡರಿನ ಹತ್ತಿರ ಏನೋ ಟಿಕ್ಕೆನ್ನುತ್ತಿತ್ತು, ಮುಚ್ಚಿದ ಬಾಗಿಲನ್ನು ಯಾರೋ ಉಗುರಿನಿಂದ ತಟ್ಟಿದ ಹಾಗೆ. ಎಂಜಿನ್ನಿಗೆ ಅದರಿಂದ ತೊಂದರೆಯೇನಿರಲಿಲ್ಲ.

"ಅದೇ," ಎಂದಳು ಆಕೆ. "ಬೀದಿ ತಿರುವಿಗೆ ಬರ್ತಿದ್ದ ಹಾಗೇ ಅತ್ತೆಗೆ ಆ ಸದ್ದು ಕೇಳಿಸ್ತಿತ್ತು. ಗೇಟಿನ ಹತ್ತಿರ ಆಫ್ ಮಾಡೋ ಮುಂಚೆ ಇವರು ಒಂದ್ಸಲ ಜೋರಾಗಿ ಗುರ್ ಅನಿಸ್ತಿದ್ರು. ಅಷ್ಟೊತ್ತಿಗೆ ಅತ್ತೆ ಎದ್ದು ಕೂತಿರ್ತಿದ್ರು. ಈಗ ಕಣ್ಣು ಪೂರ್ತಿ ಹೋಗಿದೆ, ಎದೇಲಿ ಶಕ್ತಿಯಿಲ್ಲ. ಇವರು ಹೋದದ್ದನ್ನ ನಾವು ಹೇಳೇ ಇಲ್ಲ. ದೂರದ ಊರಲ್ಲಿ ಕೆಲಸ ಅಂದಿದ್ದೀವಿ. ಆ ಎಂಜಿನ್ ಮನೆ ಮುಂದೆ ಬಂದು ನಿಂತ್ರೆ ನಾನೇನು ಹೇಳ್ಲಿ?"

ಚಿಕ್ಕವನು ನಕ್ಕ. "ನಾನು ಬಂದ್ರೆ ಅಮ್ಮ ಏನಂತಾಳೆ ಗೊತ್ತಾ ಮೇಸ್ತ್ರಿ? 'ಯಾರದು, ಪೇಪರಿನವನಾ?' ಅಂತಾಳೆ. ಹುಟ್ಟಿದಾಗಿನಿಂದ ಆ ಮನೆಗೆ ಪೇಪರು ಹಾಕ್ತಾ ಇದ್ದೀನಿ." ನಗು ಅಲ್ಲಿಗೇ ನಿಂತಿತು. ದೊಡ್ಡವನ ಎಂಜಿನ್ನಿನ ಮೇಲೆ ಕೈಯಿಟ್ಟ. "ಒಂದ್ಸಲನಾದ್ರೂ ನನಗೋಸ್ಕರ ಎದ್ದು ಕೂರ್ಲಿ ಅಂತ..."

ಮೇಸ್ತ್ರಿ ಕೈ ಒರೆಸಿಕೊಂಡು, ದೊಡ್ಡವನ ಎಂಜಿನ್ನಿಗೆ ತಾನೇ ಟಾರ್ಪಾಲು ಹೊದಿಸಿ ಹಗ್ಗ ಬಿಗಿದ. ಗುಜರಿಯದನ್ನು ಚಿಕ್ಕವನ ಕಾರಿಗೆ ಇಳಿಸಿದ. ಬ್ರಾಕೆಟ್ಟು ಬದಲಾಯಿಸಿದ, ಬೋಲ್ಟುಗಳನ್ನೆಲ್ಲ ತನ್ನ ಕೈಯಿಂದಲೇ ಬಿಗಿದ. ಕೊನೆಗೊಮ್ಮೆ ಕಡ್ಡಿ ಇಟ್ಟು ಕೇಳಿದ. ಅದೇ ನಿದ್ದೆಯ ಉಸಿರು.

ಸಂಜೆ ಪರೀಕ್ಷೆಗೆಂದು ಚಿಕ್ಕವನ ಪಕ್ಕದಲ್ಲೇ ಕೂತು ಹೊರಟ. ಪೇಟೆಯ ರಸ್ತೆಯುದ್ದಕ್ಕೂ ಕಾರು ಸೊಲ್ಲೆತ್ತಲಿಲ್ಲ. ಅವರ ಮನೆಯ ಬೀದಿಯ ತಿರುವಿಗೆ ಬಂದಾಗ ಮೇಸ್ತ್ರಿಯ ಕಿವಿ ನಿಮಿರಿತು. ಟಿಕ್. ಸ್ಕ್ರೂಡ್ರೈವರು ಬೇಕಾಗಲಿಲ್ಲ. ಟಿಕ್. ಮುಂದೆ, ಎಡಕ್ಕೆ, ನಾಲ್ಕನೆಯದರ ಹತ್ತಿರ.

"ನಿಧಾನ," ಎಂದ, ಬೇರೇನೂ ಹೇಳಲು ತೋಚದೆ. ಚಿಕ್ಕವನು ಗೇಟಿನ ಮುಂದೆ ನಿಲ್ಲಿಸಿದ. ಎಂಜಿನ್ ಒಮ್ಮೆ ಜೋರಾಗಿ ಗುರ್ರೆಂದು ತಣ್ಣಗಾಯಿತು.

"ಯಾಕಪ್ಪಾ ರೇಸ್ ಕೊಟ್ಟೆ?"

"ನಾನಾ?" ಚಿಕ್ಕವನು ಕೀಲಿ ಹಿಡಿದ ಕೈಯನ್ನು ನೋಡಿಕೊಂಡ. "ಕಾಲೇ ಇಟ್ಟಿಲ್ವಲ್ಲ ಮೇಸ್ತ್ರಿ."

ಒಳಗೆ ಮಂಚ ಕಿರುಗುಟ್ಟಿತು. ಇಬ್ಬರೂ ಹೋಗುವಷ್ಟರಲ್ಲಿ ಮುದುಕಿ ಎದ್ದು ಕೂತಿದ್ದಳು. ಸೆರಗು ಸರಿಮಾಡಿಕೊಂಡು, ಬೆಳಕಿಲ್ಲದ ಕಣ್ಣುಗಳನ್ನು ಬಾಗಿಲಿಗೆ ತಿರುಗಿಸಿ, ಎರಡೂ ಕೈ ಚಾಚಿದ್ದಳು. "ದೊಡ್ಡವನೇ, ಬಂದ್ಯಾ ಮಗನೇ? ಎಷ್ಟು ಕಾಯಿಸಿದ್ಯೋ."

ಚಿಕ್ಕವನು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಹೋಗಿ ಮಂಚದ ಅಂಚಿನಲ್ಲಿ ಕೂತ. ಮುದುಕಿ ಅವನ ಹಣೆ, ಮೂಗು, ಗದ್ದವನ್ನೆಲ್ಲ ಬೆರಳಿನಿಂದ ತಡವಿ, ಅನುಮಾನವೇ ಇಲ್ಲದವಳಂತೆ ತಲೆಯಾಡಿಸಿದಳು. ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದುಕೊಂಡಳು.

ಇಷ್ಟಾದ ಮೇಲೆ ಏನೋ ನೆನಪಾದವಳಂತೆ ಕೇಳಿದಳು: "ಅಲ್ಲ, ಚಿಕ್ಕವನೆಲ್ಲೋ? ಅವನ ಸದ್ದೇ ಇಲ್ಲ."

ಈಗ ಹೇಳುತ್ತಾನೆ, 'ಅಮ್ಮಾ, ನಾನೇ' ಎನ್ನುತ್ತಾನೆ ಎಂದು ಮೇಸ್ತ್ರಿ ಕಾದ. ಚಿಕ್ಕವನ ತುಟಿ ಅಲುಗಿತು. ಕೈ ಬಿಡಿಸಿಕೊಳ್ಳಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ಅತ್ತಿಗೆಯ ದನಿ ಕೇಳಿಸಿತು. ದಿನವೂ ಹೇಳಿ ಹೇಳಿ ನಯವಾಗಿದ್ದ ದನಿ.

"ದೂರದ ಊರಲ್ಲಿ ಕೆಲಸ ಅತ್ತೆ. ಬರ್ತಾನೆ."