ಡೆಸ್ಕ್‌ಟಾಪ್ ತುಂಬ ಲಗ್ನಪತ್ರಿಕೆ

ಪ್ರೆಸ್ಸಿನಲ್ಲಿ ಟೈಪ್ ಮಾಡುವವರು ಇಬ್ಬರೇ. ಜುಲೇಖಾಳ ಕಂಪ್ಯೂಟರ್ ತೆವಳುತ್ತಿದ್ದುದರಿಂದ ಅವಳ ಕೆಲಸವೂ ದಾಕ್ಷಾಯಿಣಿಯ ತಲೆಗೇ ಬೀಳುತ್ತಿತ್ತು. ಒಂದು ದಿನ ದಾಕ್ಷಾಯಿಣಿಯ ಸಹನೆಯ ಕಟ್ಟೆಯೊಡೆಯಿತು.

“ಏನೇ ಇದು? ಆರು ವರ್ಷದ ಲಗ್ನಪತ್ರಿಕೆಯೆಲ್ಲ ಡೆಸ್ಕ್‌ಟಾಪ್ ಮೇಲೇ ಸುರಿದಿದ್ದೀಯಲ್ಲ! ಅದು ಓಡೋದಾದ್ರೂ ಹೇಗೆ?”

“ಇರಲಿ ಬಿಡಿ ಅಕ್ಕಾ, ಹುಡುಕೋಕೆ ಸುಲಭ.”

“ನಿನ್ನ ಸುಲಭಕ್ಕೆ ನಾನ್ಯಾಕೆ ಸಾಯಲಿ? ಏಳು ಮೇಲೆ!”

ದಾಕ್ಷಾಯಿಣಿ ಜುಲೇಖಾಳ ಕುರ್ಚಿಯಲ್ಲಿ ಕೂತು, ಬೈಯುತ್ತಲೇ ಎಲ್ಲ ಫೈಲುಗಳನ್ನೂ ಬೇರೆ ಡ್ರೈವಿಗೆ ಸಾಗಿಸಿದಳು. ಕಂಪ್ಯೂಟರ್ ಹೊಸದರಂತೆ ಓಡತೊಡಗಿತು. ಸಂಜೆಯೊಳಗೆ ಜುಲೇಖಾ ತನ್ನ ಕೆಲಸ ಮುಗಿಸಿ, ದಾಕ್ಷಾಯಿಣಿಯ ಪಾಲಿನದನ್ನೂ ಮಾಡಿಟ್ಟಳು.

ಮಾಲೀಕರು ನೋಡಿ ಹಿಗ್ಗಿದರು. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿದರು.

“ಇನ್ನು ಇವಳೊಬ್ಬಳೇ ಸಾಕು. ನಾಳೆಯಿಂದ ನೀವು ಬರೋದು ಬೇಡಮ್ಮ.”