ನಮ್ಮ ಕಂಪನಿಗೆ ಬೋಣಿ

"ಹನ್ನೊಂದು ರೂಪಾಯಿ," ಎಂದ ನಾಗಭೂಷಣ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಮೂರೂವರೆಗೆ ಮಾರ್ಕೆಟ್ ಕ್ಲೋಸು. ಇನ್ನು ಇಪ್ಪತ್ತು ನಿಮಿಷ ಇದೆ ಅಮ್ಮ. ಮಾರ್ತೀರೋ, ಇಟ್ಕೊತೀರೋ, ಹೇಳ್ಬಿಡಿ."

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮಹಡಿಯ ಮೇಲಿದ್ದ ಅವನ ಷೇರು ಬ್ರೋಕರ್ ಆಫೀಸಿನಲ್ಲಿ ರಂಗಲಕ್ಷ್ಮಮ್ಮ ಕುರ್ಚಿಯ ತುದಿಗೆ ಕೂತಿದ್ದಳು. ಗುಬ್ಬಿಯಲ್ಲಿ ಇಪ್ಪತ್ತು ವರ್ಷದಿಂದ ಬಳೆ ಅಂಗಡಿ ಇಟ್ಟವಳು. ಹೋದ ವರ್ಷ, 2007ರಲ್ಲಿ, ಕೂಡಿಟ್ಟ ಹಣವನ್ನೆಲ್ಲ ಸುರಿದು ಒಂದಕ್ಕೆ ಮೂವತ್ತೆಂಟರಂತೆ ಎರಡು ಸಾವಿರ ಷೇರು ಕೊಂಡಿದ್ದಳು. ಈಗ ಅಂಗಡಿಯ ಮಾಲೀಕ ಮೂಡಲಗಿರಿಯಪ್ಪ, ಸೋಮವಾರದೊಳಗೆ ಇನ್ನೂ ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಡಬೇಕು, ಇಲ್ಲದಿದ್ದರೆ ಖಾಲಿ ಮಾಡಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಇವತ್ತು ಮಾರಿದರೆ ಮಾತ್ರ ಅಷ್ಟರೊಳಗೆ ದುಡ್ಡು ಕೈಗೆ ಬರುತ್ತಿತ್ತು.

ಪಕ್ಕದಲ್ಲಿ ಅವಳ ತಮ್ಮನ ಮಗ ರವೀಶ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್. ಷೇರು ಕೊಡಿಸಿದ ತಪ್ಪಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ.

"ಏನ್ಲಾ ರವೀಶ, ಮಾರೋದು ಬಿಡೋದು ಆಮೇಕೆ. ಈ ಕಂಪ್ನಿ ಮಾಡೋದೇನು ಅಂತ ಇನ್ನೊಂದ್ಸಲ ಹೇಳು."

"ಎಷ್ಟ್ ಸಲ ಹೇಳ್ಲಿ ಅತ್ತೆ? ಅಫಿಲಿಯೇಟ್ ಮಾರ್ಕೆಟಿಂಗು. ಇಂಟರ್ನೆಟ್ಟಲ್ಲಿ ಬೇರೆಯೋರ ಅಂಗ್ಡಿಗೆ ದಾರಿ ತೋರ್ಸೋದು. ಜನ ಕ್ಲಿಕ್ ಮಾಡಿ ಅಲ್ಲಿಗ್ ಹೋದ್ರೆ ಇವ್ರಿಗೆ ಕಮಿಷನ್ನು."

"ಇವ್ರತ್ರ ಸಾಮಾನಿಲ್ವಾ?"

"ಇಲ್ಲ."

"ಗೋಡೌನು?"

"ಇಲ್ಲ ಅತ್ತೆ."

"ಮತ್ತೆ ಆ ಹನ್ನೊಂದ್ ರೂಪಾಯಾದ್ರೂ ಯಾತಕ್ಕೆ?"

ರವೀಶ ನಾಗಭೂಷಣನ ಮುಖ ನೋಡಿದ. ಇದೇ ಷೇರನ್ನು ನಲವತ್ತು ಗಿರಾಕಿಗಳಿಗೆ ಕೊಡಿಸಿದ್ದ ನಾಗಭೂಷಣನಿಗೆ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಆಗ ತಾನೇ ಬಂದಿದ್ದ ಕಂಪನಿಯ ಪ್ರಕಟಣೆಯನ್ನು ತೆಗೆದು ಓದತೊಡಗಿದ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು.

"ಬರೀ ಕ್ಲಿಕ್ಕಿಗೆ ಕಮಿಷನ್ ಇಲ್ವಂತೆ ರವೀಶ್. ಹೋದೋರು ಸಾಮಾನು ತಗೊಂಡ್ರೆ ಮಾತ್ರ. ಸುಮ್ನೆ ಬಂದು ನೋಡ್ಕೊಂಡು ಹೋಗೋರೇ ಜಾಸ್ತಿ ಆದ್ರು ಅಂತ ದೊಡ್ಡ್ ಅಂಗ್ಡಿಯೋರು ಒಪ್ಪಂದ ಕ್ಯಾನ್ಸಲ್ ಮಾಡವ್ರೆ."

ರಂಗಲಕ್ಷ್ಮಮ್ಮ ಕುರ್ಚಿಯಿಂದ ಅರ್ಧ ಎದ್ದಳು.

"ಅಯ್ಯೋ, ದಿನಾ ಬೆಳಿಗ್ಗೆ ನಾನೂ ಹೋಗ್ತಿದ್ನಲ್ಲೋ! ಅಂಗ್ಡಿ ಬಾಗ್ಲು ತೆಗಿಯೋಕ್ ಮುಂಚೆ ಪಕ್ಕದ್ ಸೈಬರ್ನೋನಿಗೆ ಹತ್ರೂಪಾಯಿ ಕೊಟ್ಟು ಒಂದ್ ಕ್ಲಿಕ್ ಮಾಡಿಸ್ತಿದ್ದೆ. ನಮ್ ಕಂಪ್ನಿಗೆ ನಾವೇ ಬೋಣಿ ಮಾಡ್ದಿದ್ರೆ ಇನ್ಯಾರ್ ಮಾಡ್ತಾರೆ ಅಂತ. ನಮ್ ಮಹಿಳಾ ಸಂಘದ ಶಿವರುದ್ರಮ್ಮನ್ನೂ ಕರ್ಕೊಂಡ್ ಹೋಗಿದ್ದೆ."

"ಏನಾದ್ರೂ ತಗೊಂಡ್ರಾ ಅಮ್ಮ?"

"ಅಲ್ಲಿ ತೋರ್ಸೋ ಆರ್ ಸಾವಿರದ್ ವಾಚು ಕಟ್ಕೊಂಡು ನಾನೆಲ್ಲಿಗ್ ಹೋಗ್ಲಿ ಸಾರ್?"

ನಾಗಭೂಷಣ್ ಜೋರಾಗಿ ನಕ್ಕ. "ನಿಮ್ಮಿಬ್ರಿಂದ ಕಂಪ್ನಿ ಮುಳುಗಲ್ಲ ಬಿಡಿ."

ರವೀಶ ಮಾತ್ರ ನಗಲಿಲ್ಲ. "ಸಾರ್, ದಿನಾ ಕ್ಲಿಕ್ ಮಾಡಿ ಅಂತ ನೀವೇ ಹೇಳ್ಕೊಟ್ರಲ್ಲ ಅಂತ ನಮ್ ಫ್ಯಾಕ್ಟ್ರೀಲೂ ಊಟದ ಟೈಮಲ್ಲಿ ಇಪ್ಪತ್ ಜನ ಮಾಡ್ತಿದ್ವಿ. ನಿಮ್ ಬೇರೆ ಗಿರಾಕಿಗಳ್ಗೂ ಹೇಳ್ಕೊಟ್ಟಿದ್ರಾ?"

ನಾಗಭೂಷಣನ ನಗು ಅಲ್ಲಿಗೇ ನಿಂತಿತು. ಕಂಪನಿ ಇದರಿಂದ ಕೆಟ್ಟಿತೋ, ಮೊದಲೇ ಕೆಟ್ಟಿತ್ತೋ, ಆ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಡಬ್ಬಿಗಟ್ಟಲೆ ಬಳೆ ಹರಡಿಸಿಕೊಂಡು, ಒಂದು ಡಜನ್ನನ್ನೂ ಕೊಳ್ಳದೆ ಸೆರಗು ಕೊಡವಿ ಎದ್ದುಹೋಗುವ ಹೆಂಗಸರನ್ನು ರಂಗಲಕ್ಷ್ಮಮ್ಮ ಇಪ್ಪತ್ತು ವರ್ಷ ಬೈದಿದ್ದಳು. ಈಗ ಯಾರನ್ನು ಬೈಯಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಹತ್ತೇ ನಿಮಿಷ ಇದೆ," ಎಂದ ನಾಗಭೂಷಣ್. "ಈ ಸುದ್ದಿ ಇನ್ನೂ ಎಲ್ರಿಗೂ ಮುಟ್ಟಿಲ್ಲ. ಗೊತ್ತಿಲ್ದೋರು ಯಾರಾದ್ರೂ ತಗೊತಾರೆ. ಈಗ್ಲೇ ಮಾರ್ಬಿಡಿ."

"ಅಂದ್ರೆ ಬಿರುಕು ಬಿಟ್ಟಿರೋ ಬಳೆ ಅಂತ ಗೊತ್ತಿದ್ದೂ ಇನ್ನೊಬ್ಬಳ ಕೈಗೆ ತೊಡ್ಸೋದಾ?"

ಗಾಜಿನ ಬಳೆಯನ್ನು ಇನ್ನೊಂದಕ್ಕೆ ತಾಕಿಸಿ, ಸದ್ದು ಕೇಳಿ, ಬಿರುಕಿದ್ದರೆ ಪಕ್ಕಕ್ಕಿಟ್ಟು ವ್ಯಾಪಾರ ಮಾಡಿದ ಕೈ ಅವಳದು. ಅದಕ್ಕೆಂದೇ ದೂರದ ಸಿ.ಎಸ್. ಪುರದ ಕಡೆಯಿಂದಲೂ ಮದುವೆ ಬಳೆಗೆ ಅವಳ ಅಂಗಡಿಗೇ ಬರುತ್ತಿದ್ದರು. ಆದರೆ ಸೋಮವಾರ ಮೂಡಲಗಿರಿಯಪ್ಪ ಬಂದು ನಿಂತರೆ ಆ ಅಂಗಡಿಯೇ ಇರುವುದಿಲ್ಲ. ಅವಳಿಗೆ ಅಳು ಬಂದಂತಾಯಿತು. ನಾಚಿಕೆಯೂ ಆಯಿತು.

"ಮಾರ್ಬುಡಿ ಸಾರ್," ಎಂದಳು, ರವೀಶನ ಕಡೆ ನೋಡದೆ.

ನಾಗಭೂಷಣ್ ಪಟಪಟನೆ ಕೀಲಿ ಒತ್ತಿದ. ಮೂವರೂ ಪರದೆಗೆ ಕಣ್ಣು ನೆಟ್ಟರು. ಮೂರು ಇಪ್ಪತ್ತೈದಾಯಿತು. ಇಪ್ಪತ್ತೆಂಟಾಯಿತು. ಪರದೆಯಲ್ಲಿ ಯಾವ ಬದಲಾವಣೆಯೂ ಇಲ್ಲ.

"ಏನಾಯ್ತು ಸಾರ್?"

"ಮಾರೋರ ಸಾಲಲ್ಲಿ ಲಕ್ಷಗಟ್ಲೆ ಷೇರು ನಿಂತವೆ ಅಮ್ಮ. ತಗೊಳ್ಳೋರ ಕಡೆ ಸೊನ್ನೆ."

"ಇಡೀ ದೇಶದಲ್ಲಿ ಒಬ್ರೂ ಈ ಕಡೆ ನೋಡ್ತಾ ಇಲ್ವಾ?"

"ನೋಡ್ತಾವ್ರಮ್ಮ," ಎಂದ ನಾಗಭೂಷಣ್. "ಎಲ್ರೂ ನೋಡ್ತಾನೇ ಅವ್ರೆ."